ಹಳೆಯ ಫ್ರೇಮಿನ ಕಿಟಕಿ

ಬಲಕ್ಕೆ ಒಂದು, ಎಡಕ್ಕೆ ಎರಡು, ಅಷ್ಟೇ ನಾನು ಹಾಕಿದ್ದು, ಬೆರಳಿಗೆ ಸಿಕ್ಕಿದ ಅಂಕಿ, ಗುಂಡಿ ಒತ್ತಿದೆ, ಕಂಪ್ಯೂಟರಿನ ಪರದೆಯ ಮೇಲೆ ಮೂರನೆಯ ಕಿಟಕಿ ತೆರೆಯಿತು, ರೆಪ್ಪೆ ಬಡಿಯುವಷ್ಟು ತಡ ಮಾಡಿಯೇ ತೆರೆಯುವುದು ಅದರ ಚಾಳಿ, ಆ ತಡ ಯಾಕೆ ಅಂತ ನೋಡೋಣವೆಂದೇ ಇವತ್ತು ಕೂತದ್ದು, ಮಧ್ಯಾಹ್ನ ಮೂರು ಗಂಟೆ, ಗಿರಾಕಿಗಳಿಲ್ಲದ ಹೊತ್ತು — ಆದರೆ ಇದೇನಿದು, ಇಲ್ಲಿ ಎಡಕ್ಕೆ ಒಂದು ಅಂತಿದೆಯಲ್ಲ, ಬಲಕ್ಕೆ ಎರಡು, ನಾನೇ ತಪ್ಪಿ ಹಾಕಿದೆನೋ ಏನೋ, ಊಟವಾದ ಮೇಲಿನ ಕೈ, ಅದನ್ನು ನಂಬುವ ಹಾಗಿಲ್ಲ, ಮುಚ್ಚು, ಮತ್ತೆ ಮೊದಲಿಂದ. ಮೊದಲ ಕಿಟಕಿಯಲ್ಲಿ ಗಿರಾಕಿಯ ಹೆಸರು, ವಯಸ್ಸು, ಫೋನು, ಎರಡೂ ಕಣ್ಣಿನ ನಂಬರು, ಅದರ ಕೆಳಗೆ ಎರಡು ಗುಂಡಿ, ಹೊಸ ಫ್ರೇಮು ಅಂತ ಒಂದು, ಹಳೆಯ ಫ್ರೇಮು ಅಂತ ಇನ್ನೊಂದು, ಹೊಸದನ್ನು ಒತ್ತಿದರೆ ಎರಡನೆಯ ಕಿಟಕಿ, ಹಳೆಯದನ್ನು ಒತ್ತಿದರೆ ಮೂರನೆಯದು, ಅಲ್ಲಿಂದ ಚೀಟಿ ಅಚ್ಚಾಗಿ ಬರುತ್ತದೆ, ಇಷ್ಟೇ ನನ್ನ ಸಾಮ್ರಾಜ್ಯ, ಹನ್ನೊಂದು ತಿಂಗಳು ಕೂತು ಕಟ್ಟಿದ್ದು, ಕನ್ನಡಕದಂಗಡಿ ಕೌಂಟರಿನವಳು ಪ್ರೋಗ್ರಾಮು ಬರೀತಾಳಂತೆ ಅಂತ ಕಣ್ಣು ಪರೀಕ್ಷೆ ಮಾಡುವವರು ನಕ್ಕಿದ್ದರು, ಯಜಮಾನರು ನಗಲಿಲ್ಲ, ಬರೀಲಿ ಬಿಡಿ, ಚೀಟಿ ಕಳೆದು ಹೋಗೋದಾದ್ರೂ ತಪ್ಪುತ್ತೆ ಅಂದರು, ಅಷ್ಟು ಸಾಕಾಗಿತ್ತು ನನಗೆ.

ನನ್ನನ್ನು ಇದಕ್ಕೆ ಎಳೆದದ್ದು ಒಂದೇ ಒಂದು ಪ್ರಶ್ನೆ, ಈಗಲೂ ಅದು ಬಿಟ್ಟಿಲ್ಲ — ಈ ಕಿಟಕಿಯಲ್ಲಿ ನಾನು ಹಾಕಿದ್ದು ಆ ಕಿಟಕಿಗೆ ಹೇಗೆ ಗೊತ್ತಾಗುತ್ತದೆ? ಸಂಜೆ ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು, ನಲವತ್ತೆರಡು, ಉಳಿದವರೆಲ್ಲ ಕೈಯಲ್ಲಿ ಫೋನು ಹಿಡಿದೇ ಹುಟ್ಟಿದವರು, ಆದರೂ ಕೈ ಎತ್ತಿ ಕೇಳಿದ್ದೆ, ಸರ್, ಮೊದಲನೇ ಕಿಟಕಿ ಮುಚ್ಚಿಬಿಟ್ರೆ ಅದರೊಳಗಿನ ನಂಬರು ಎಲ್ಲಿಗೆ ಹೋಗುತ್ತೆ? ಮೇಷ್ಟರು ಕಣ್ಣರಳಿಸಿದರು, ಒಳ್ಳೇ ಪ್ರಶ್ನೆ ಅಮ್ಮಾ, ಕೈಗೆ ಕೊಟ್ಟು ಕಳಿಸಿದ್ರೆ ಉಳಿಯುತ್ತೆ, ಇಲ್ಲಾಂದ್ರೆ ಹೋಯ್ತು, ಅಷ್ಟೇ. ಮೇಜಿನ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಡಬಹುದು, ಆಗ ಯಾರು ಬೇಕಾದರೂ ತಿದ್ದಿಬಿಡ್ತಾರೆ, ಅದಕ್ಕಿಂತ ಹೊಸ ಕಿಟಕಿ ಹುಟ್ಟೋ ಕ್ಷಣದಲ್ಲೇ ಅದರ ಕೈಗೆ ಕೊಡಿ, ತಗೋ, ಇದು ನಿನ್ನದು ಅಂತ — ಹೀಗೆ ಹೇಳುವಾಗ ಅವರು ಡಸ್ಟರನ್ನು ಮುಂದಿನ ಬೆಂಚಿನವಳ ಕೈಗೆ ಕೊಟ್ಟಿದ್ದರು, ಅವಳು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡು ಕೂತಿದ್ದಳು. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ, ಕೊಡುವವರ ಕೈಯಿಂದ ಬಿಟ್ಟಿದೆ, ತಗೊಳ್ಳುವವರ ಕೈಗೆ ಇನ್ನೂ ತಲುಪಿಲ್ಲ, ಆ ನಡುವೆ ಅದು ಯಾರದ್ದು, ಮೇಷ್ಟರನ್ನು ಕೇಳಿದ್ದರೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು, ಕೇಳಲಿಲ್ಲ.

ಸರಿ, ಈ ಸಲ ಕಣ್ಣಿಟ್ಟು ಹಾಕುತ್ತೇನೆ, ಬಲಕ್ಕೆ ಏಳು, ಎಡಕ್ಕೆ ಒಂಬತ್ತು, ಅಂಥ ನಂಬರಿನ ಮನುಷ್ಯ ಇದ್ದರೆ ಪಾಪ, ಹೊಸ ಫ್ರೇಮು ಒತ್ತು — ಬಲ ಏಳು, ಎಡ ಒಂಬತ್ತು, ಸರಿಯಾಗಿದೆ. ಮುಚ್ಚು. ಹಳೆಯ ಫ್ರೇಮು ಒತ್ತು — ಎಡ ಏಳು, ಬಲ ಒಂಬತ್ತು. ಇದು ಕೈಯ ತಪ್ಪಲ್ಲ. ಹೇಳಬೇಕೆಂದರೆ ಭಯಕ್ಕಿಂತ ಮುಂದೆ ಓಡಿದ್ದು ಕುತೂಹಲ, ಎಲಾ ಇವನ, ಹೇಗೆ ಮಾಡುತ್ತೀಯ ನೀನು ಇದನ್ನು? ಬರೆದ ಸಾಲುಗಳನ್ನು ತೆಗೆದು ನೋಡಿದೆ, ಮೊದಲ ಕಿಟಕಿ ಎರಡು ಅಂಕಿ ಕೊಡುತ್ತದೆ, ಬಲದ್ದು ಮೊದಲು ಎಡದ್ದು ಆಮೇಲೆ, ಎರಡನೆಯ ಕಿಟಕಿ ಹಾಗೆಯೇ ತಗೊಳ್ಳುತ್ತದೆ, ಮೂರನೆಯ ಕಿಟಕಿ ಎಡದ್ದು ಮೊದಲು ಅಂತ ಕೈ ಚಾಚಿಕೊಂಡು ಕೂತಿದೆ. ಅದೂ ಅಂಕಿ, ಇದೂ ಅಂಕಿ, ಯಂತ್ರಕ್ಕೇನು, ಹೆಸರಿನ ಜಾಗಕ್ಕೆ ಅಂಕಿ ಬಂದಿದ್ದರೆ ರಂಪ ಮಾಡುತ್ತಿತ್ತು, ಅಂಕಿಯ ಜಾಗಕ್ಕೆ ಅಂಕಿ ಬಂದಿದೆ, ಬಾಯಿ ಮುಚ್ಚಿಕೊಂಡು ತಗೊಂಡಿದೆ. ಮತ್ತೆ ನಾನೋ, ಮಹಾ ಪರೀಕ್ಷೆ ಮಾಡಿದವಳು, ಇಷ್ಟು ದಿನ ಪ್ರತಿ ಸಲವೂ ಎರಡು-ಎರಡು, ಎರಡು-ಎರಡು ಅಂತ ಎರಡೂ ಕಣ್ಣಿಗೆ ಒಂದೇ ಅಂಕಿ ಕುಟ್ಟಿ ನೋಡಿ, ಸರಿ ಇದೆ ಅಂತ ಬೀಗಿದ್ದೆ, ಅದಲು ಬದಲಾದರೂ ಎರಡು-ಎರಡು ಎರಡು-ಎರಡೇ ಅಲ್ಲವೇ, ದಡ್ಡಿ.

ಆದರೆ ಎಡ ಮೊದಲು ಅಂತ ಯಾಕೆ ಬರೆದೆ? ನೆನಪಾಯಿತು, ಆ ಕಿಟಕಿಯನ್ನು ಬರೆದದ್ದು ಹಿಂದಿನ ಕೋಣೆಯಲ್ಲಿ, ಧೂಳಣ್ಣನ ಪಕ್ಕ ಕೂತು. ಧೂಳಣ್ಣ ಅಂದರೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರು, ಹುಬ್ಬಿನ ಮೇಲೂ ಬಿಳೀ ಪುಡಿ, ಹೊಸ ಫ್ರೇಮಿನ ಕೆಲಸವೆಲ್ಲ ಕಾರ್ಖಾನೆಗೆ ಹೋಗುತ್ತದೆ, ಗಿರಾಕಿ ತನ್ನದೇ ಹಳೆಯ ಫ್ರೇಮು ತಂದರೆ ಮಾತ್ರ ಅವರ ಕೈಗೆ. ಕಣ್ಣು ಪರೀಕ್ಷೆ ಮಾಡುವವರು ಗಿರಾಕಿಯ ಎದುರಿಗೆ ಕೂರುತ್ತಾರೆ, ಬಲಗಣ್ಣು ಮೊದಲು ಅಂತ ಬರೆಯುತ್ತಾರೆ, ಅವರ ವಿದ್ಯೆ ಹಾಗೆ. ಧೂಳಣ್ಣನ ಬಳಿ ಎದುರಿಗೆ ಯಾರೂ ಇರುವುದಿಲ್ಲ, ಫ್ರೇಮನ್ನು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿಸುತ್ತಾರೆ, ಕಿವಿಗೆ ಸಿಕ್ಕಿಸುವ ಕಡ್ಡಿಗಳು ಮೇಲಕ್ಕೆ, ಹಾಕಿಕೊಳ್ಳುವವರು ನೋಡುವ ಕಡೆಯಿಂದ ನೋಡುತ್ತಾರೆ, ಹಾಗಾಗಿ ಎಡದ ಗಾಜು ಅವರ ಎಡಗೈಗೆ, ಅದರಿಂದಲೇ ಶುರು. ನಾನು ಕೇಳಿದ್ದೆ, ಅಣ್ಣಾ, ನಿಮಗೆ ಚೀಟೀಲಿ ಯಾವುದು ಮೊದಲು ಬೇಕು? ಎಡ ಮೊದಲು ಕೊಡವ್ವಾ, ಕೈಗೆ ಹತ್ರ ಅದು. ಬರೆದುಕೊಟ್ಟೆ, ಅವರಿಗೆ ಅನುಕೂಲವಾಗಲಿ ಅಂತ, ಅಂಥ ಒಳ್ಳೆಯವಳು ನಾನು. ಮುಂದಿನ ಕೋಣೆಯವರು ಒಂದು ಕಡೆ ಮುಖ ಮಾಡಿದ್ದಾರೆ, ಹಿಂದಿನ ಕೋಣೆಯವರು ಇನ್ನೊಂದು ಕಡೆ, ಇಬ್ಬರೂ ಸರಿ, ಇಬ್ಬರ ನಡುವೆ ಕೂತು ಈ ಕೈಯಿಂದ ತಗೊಂಡು ಆ ಕೈಗೆ ಕೊಟ್ಟವಳು ಮಾತ್ರ — ಎಷ್ಟು ಚೀಟಿ ಹೋಗಿರಬಹುದು ಹಾಗೆ?

ಒಂಬತ್ತು. ಪ್ರೋಗ್ರಾಮು ಶುರುವಾದ ಮೂರು ತಿಂಗಳಲ್ಲಿ ಹಳೆಯ ಫ್ರೇಮಿನವರು ಒಂಬತ್ತೇ ಜನ, ಒಂದೊಂದೇ ತೆರೆದು ನೋಡುತ್ತಿದ್ದೇನೆ, ಅಂಚೆಯವರು, ಎರಡೂ ಕಣ್ಣು ಒಂದೇ, ಬಚಾವ್, ಬೇಕರಿಯ ಅಕ್ಕ, ಒಂದೇ, ಹೀಗೆ ಆರು ಜನ ಎರಡು-ಎರಡಿನ ಜಾತಿ, ಅದಲು ಬದಲಾದರೂ ಗೊತ್ತಾಗದವರು, ಇಬ್ಬರಿಗೆ ಬರೀ ಕಾಲು ನಂಬರಿನ ವ್ಯತ್ಯಾಸ, ಇವರನ್ನು ಕರೆಸಬೇಕು, ಉಳಿದದ್ದು ಒಂದು, ಬಲ ಒಂದೂವರೆ, ಎಡ ಮೂರೂಕಾಲು, ಓದುವ ಕನ್ನಡಕ, ಕಂದು ಪ್ಲಾಸ್ಟಿಕ್ ಫ್ರೇಮು, ಹೆಸರನ್ನು ಓದಬೇಕಾಗೇ ಇಲ್ಲ, ಆ ಫೋನ್ ನಂಬರು ನನಗೆ ಬಾಯಿಪಾಠ. ನಮ್ಮ ಅತ್ತೆ. ಹೊಸ ಫ್ರೇಮು ತಗೊಳ್ಳಿ ಅತ್ತೆ ಅಂದರೆ, ಇದಕ್ಕೇನಾಗಿದೆ, ಮೂಗಿಗೆ ಹೊಂದಿಕೊಂಡು ಕೂತಿದೆ, ಮೂಗೇನಾದ್ರೂ ಬದಲಾಗಿದೆಯಾ ಅಂದವರು. ಪ್ರೆಸ್ಸಿನಲ್ಲಿ ಕರಡು ತಿದ್ದುವವರು, ಇಪ್ಪತ್ತಾರು ವರ್ಷದಿಂದ, ಮೊಸರಲ್ಲಿ ಕಲ್ಲು ಹುಡುಕುವುದೇ ಹೊಟ್ಟೆಪಾಡು, ನಾನು ಮದುವೆಯಾಗಿ ಬಂದ ವಾರ ಗೋಡೆಗೆ ಹಾಕಿದ ಕ್ಯಾಲೆಂಡರಿನಲ್ಲೂ ತಪ್ಪು ಹುಡುಕಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು, ನನ್ನ ಅಡುಗೆಗೂ, ನಾನು ಬಟ್ಟೆ ಮಡಿಸುವುದಕ್ಕೂ, ಬಾಯಿಂದಲೇ ಒಂದೊಂದು ಕೆಂಪು ಸುತ್ತು, ಆದರೆ ಸಂಜೆ ತರಗತಿಯ ಮಾತೆತ್ತಿದಾಗ ಇವರು, ನನ್ನ ಗಂಡ, ಈ ವಯಸ್ಸಲ್ಲಾ ಅಂದರೆ, ಅವಳು ಹೋಗ್ತಾಳೆ, ರಾತ್ರಿ ಅಡುಗೆ ನೀನು ಮಾಡು ಅಂದವರು ಅತ್ತೆಯೇ.

ಅವರು ಹೇಳಿದ್ದರಲ್ಲ, ಮೂರು ಸಲ ಹೇಳಿದ್ದರು. ಕನ್ನಡಕ ಬಂದ ಮಾರನೆಯ ದಿನ, ಯಾಕೋ ತಲೆ ಹಿಡಿದ ಹಾಗಾಗುತ್ತೆ ಕಣೇ. ಎಂಟು ದಿನ ಅಭ್ಯಾಸ ಆಗ್ಬೇಕು ಅತ್ತೆ, ಹೊಸ ನಂಬರು ಅಂದ್ರೆ ಹಾಗೇ. ಈ ಮಾತನ್ನು ದಿನಕ್ಕೆ ಹತ್ತು ಸಲ ಕೌಂಟರಿನಲ್ಲಿ ಹೇಳುತ್ತೇನೆ, ನಾಲಗೆ ತಾನಾಗಿ ಹೇಳುತ್ತದೆ, ಎದುರಿಗಿರುವವರ ಮುಖ ನೋಡುವುದೂ ಬೇಕಾಗುವುದಿಲ್ಲ. ಎಂಟು ದಿನವಾದ ಮೇಲೆ ಅಂಗಡಿಗೇ ಬಂದರು, ಧೂಳಣ್ಣ ಯಂತ್ರಕ್ಕಿಟ್ಟು ಅಳೆದರು, ಚೀಟಿಯಲ್ಲಿರೋ ಹಾಗೇ ಇದೆಯಮ್ಮಾ ಅಂದರು, ಇರದೆ ಏನು, ಚೀಟಿ ಅಚ್ಚು ಮಾಡಿದ್ದು ಇದೇ ಮೂರನೆಯ ಕಿಟಕಿ, ತಪ್ಪನ್ನು ತಪ್ಪಿನ ಪಕ್ಕ ಇಟ್ಟು ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಮೂರನೆಯ ಸಲ ಊಟಕ್ಕೆ ಕೂತಾಗ, ಇನ್ನೂ ಎಷ್ಟು ದಿನ ಅಂದೆ ಅಭ್ಯಾಸ ಆಗೋದು, ಅಂತ ಮೆಲ್ಲಗೆ ಕೇಳಿದರು, ನಾನು ಫೋನು ನೋಡುತ್ತಲೇ ಆಗುತ್ತೆ ಅತ್ತೆ ಅಂದೆ, ಕಿವಿ ಮೇಲೆ ಹಾಕಿಕೊಳ್ಳಲೇ ಇಲ್ಲ ನಾನು, ಆಮೇಲೆ ಅವರು ಕೇಳಲಿಲ್ಲ. ಪಕ್ಕದ ಮನೆಯವರ ಆಹ್ವಾನ ಪತ್ರಿಕೆಯಲ್ಲೂ ತಪ್ಪು ಹುಡುಕುವವರು ಸೊಸೆ ಮಾಡಿಕೊಟ್ಟದ್ದರಲ್ಲಿ ತಪ್ಪಿರಬಹುದು ಅಂತ ಅಂದುಕೊಳ್ಳಲೇ ಇಲ್ಲವೇ, ಅಥವಾ ಅಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡರೇ, ಯಾವುದು, ನನಗೆ ತಿಳಿಯಬೇಕು. ಹೋದ ತಿಂಗಳು ರೈಲಿನ ವೇಳಾಪಟ್ಟಿಯಲ್ಲಿ ಎರಡು ತಪ್ಪು ಬಿಟ್ಟರು, ಹದಿನೆಂಟು ಇರಬೇಕಾದಲ್ಲಿ ಹದಿನಾರು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಫೋರ್‌ಮನ್ ಸುತ್ತು ಹಾಕಿದ ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಹೋದನಂತೆ, ಬೈದಿದ್ದರೆ ಚೆನ್ನಾಗಿತ್ತು ಅಂದರು ಅತ್ತೆ, ಅವತ್ತು ಊಟ ಮಾಡಲಿಲ್ಲ.

ಆಮೇಲೆ ಆ ಬೆಳಗ್ಗೆ. ಇವರು ಅಡುಗೆಮನೆಗೆ ಬಂದು ದನಿ ತಗ್ಗಿಸಿ, ಅಮ್ಮ ಕನ್ನಡಕ ತಲೆಕೆಳಗೆ ಹಾಕ್ಕೊಂಡು ಪೇಪರ್ ಓದ್ತಾ ಕೂತಿದಾಳೆ, ಮೊದಲು ನಗು ಬಂತು, ಆಮೇಲೆ ಭಯ ಆಯ್ತು ಕಣೇ. ನಾನೂ ಇಣುಕಿದೆ, ಹೌದು, ಕಿಟಕಿಯ ಬಳಿ ಕುರ್ಚಿ, ಕಂದು ಕನ್ನಡಕ ಬುಡಮೇಲು, ಕಿವಿಯ ಹಿಂದೆ ಬಾಗಬೇಕಾದ ಕಡ್ಡಿಗಳ ತುದಿ ಮೇಲಕ್ಕೆದ್ದು ನಿಂತಿದೆ, ಜಾರದಂತೆ ಒಂದು ಬೆರಳು ಮೂಗಿನ ಮೇಲೆ, ನಮ್ಮನ್ನು ಕಂಡದ್ದೇ ಸರಕ್ಕನೆ ತೆಗೆದು ಮಡಿಸಿಟ್ಟರು, ಮುಖ ಕೆಂಪಾಗಿತ್ತು. ಅವತ್ತಿನಿಂದ ಮನೆಯಲ್ಲಿ ಪಿಸುಮಾತು ಶುರು, ಅರವತ್ನಾಲ್ಕಾಯ್ತು, ತಲೆ ಸರಿ ಇರುವಾಗಲೇ ಬಿಟ್ಟರೆ ಮರ್ಯಾದೆ, ಡಾಕ್ಟರಿಗೆ ತೋರಿಸಬೇಕೇನೋ, ಎಲ್ಲವೂ ಅವರ ಬೆನ್ನ ಹಿಂದೆ, ಎಲ್ಲವೂ ಅವರಿಗೆ ಕೇಳಿಸುವ ಹಾಗೆ. ನಿನ್ನೆ ಅವರೇ ಹೇಳಿದರು, ಸಾಕು, ನಾಳೆ ನಾಲ್ಕು ಗಂಟೆಗೆ ರಾಜೀನಾಮೆ ಪತ್ರ ಕೊಟ್ಟು ಬರ್ತೀನಿ, ಕಣ್ಣಲ್ಲ ಹೋಗಿರೋದು, ತಲೆ. ಇವರು ಒಳ್ಳೇದಾಯ್ತಮ್ಮ ಅಂದರು, ನಾನು ತಟ್ಟೆ ಎತ್ತಿಟ್ಟೆ.

ಗಡಿಯಾರ ನೋಡು, ಮೂರು ಐವತ್ತು. ಒಂದು ನಿಮಿಷ, ಕಪಾಟಿನಿಂದ ಒಂದು ಪ್ಲಾಸ್ಟಿಕ್ ಫ್ರೇಮು ತೆಗೆದೆ, ಎಡದ ಗಾಜಿಗೆ ಮಾರ್ಕರಿನಿಂದ ಚುಕ್ಕೆ ಇಟ್ಟೆ, ಹಾಕಿಕೊಂಡೆ, ಚುಕ್ಕೆ ಎಡಗಣ್ಣಿಗೆ, ತೆಗೆದೆ, ಬುಡಮೇಲು ಮಾಡಿ ಹಾಕಿಕೊಂಡೆ — ಚುಕ್ಕೆ ಬಲಗಣ್ಣ ಮುಂದೆ ಬಂತು. ಅಯ್ಯೋ. ಅಷ್ಟೇ. ಅವರು ಮಾಡಿದ್ದು ಅಷ್ಟೇ. ಕನ್ನಡಕವನ್ನು ತಲೆಕೆಳಗೆ ಮಾಡಿದರೆ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ, ನಾನು ಕೆಡಿಸಿದ್ದನ್ನು ಅವರು ತಮ್ಮ ಮೂಗಿನ ಮೇಲೆ ಸರಿ ಮಾಡಿಕೊಂಡಿದ್ದರು, ಯಾರೂ ಹೇಳಿಕೊಡದೆ, ಕಾರಣ ಗೊತ್ತಿಲ್ಲದೆ, ಹೇಗೆ ಹೊಳೆದಿರಬಹುದು, ಕೈತಪ್ಪಿ ಹಾಗೆ ಹಾಕಿಕೊಂಡರೇ, ಅಥವಾ ಒಂದೊಂದು ರೀತಿಯಲ್ಲಿ ಹಿಡಿದು ನೋಡುತ್ತಾ ಹೋದರೇ, ನನ್ನ ಹಾಗೆಯೇ, ಇದು ಹೀಗಿದ್ದರೆ ಏನಾಗುತ್ತೆ ಅಂತ, ಅಕ್ಷರ ಒಮ್ಮೆಲೇ ಸ್ಪಷ್ಟವಾಗಿ ನಿಂತಾಗ ಎಷ್ಟು ಬೆರಗಾಗಿರಬೇಕು ಅವರಿಗೆ, ಆ ಬೆರಗನ್ನು ಹಂಚಿಕೊಳ್ಳಲೂ ಆಗದೆ ನಾವು ಇಬ್ಬರು ಬಾಗಿಲಲ್ಲಿ ನಿಂತು ಹುಚ್ಚಿಯನ್ನು ನೋಡುವಂತೆ — ಮನೆಯಲ್ಲಾದರೆ ಸರಿ, ಪ್ರೆಸ್ಸಿನಲ್ಲಿ ಹಾಗೆ ಕೂರುವುದು ಹೇಗೆ, ಎಲ್ಲರೂ ನೋಡುತ್ತಾರೆ, ಅಲ್ಲಿ ನೆಟ್ಟಗೆ ಹಾಕಿಕೊಂಡು ಹಲ್ಲು ಕಚ್ಚಿ ಓದಿದ್ದಾರೆ, ಹದಿನೆಂಟು ಹದಿನಾರಾಗಿದೆ. ಕಡ್ಡಿಗಳ ತುದಿ ಮೇಲಕ್ಕೆದ್ದ ಆ ಮುಖ ಕಣ್ಣಿಂದ ಹೋಗುತ್ತಿಲ್ಲ.

ಅತ್ತೆ ಮೊಬೈಲು ಎತ್ತುತ್ತಿಲ್ಲ, ಚೀಲದೊಳಗೆ ಇಟ್ಟಿರುತ್ತಾರೆ, ಎರಡು ಸಲ ಪೂರ್ತಿ ಹೊಡೆದುಕೊಂಡಿತು. ಹಿಂದಿನ ಕೋಣೆಗೆ ಕೂಗಿದೆ, ಧೂಳಣ್ಣಾ, ಹಳೇ ಫ್ರೇಮು ಯಾವುದನ್ನೂ ಮುಟ್ಟಬೇಡಿ, ಚೀಟಿ ತಪ್ಪಿದೆ. ಯಾರ ಚೀಟಿ ಅಂತ ಕೇಳಿದ್ದು ಯಜಮಾನರು, ಅವರು ಇಲ್ಲೇ ಇದ್ದರೇ, ನನ್ನದು ಸರ್, ನನ್ನ ಪ್ರೋಗ್ರಾಮು, ಎಡ ಬಲ ಅದಲು ಬದಲು ಮಾಡಿದೆ, ಒಂಬತ್ತು ಜನ, ಮೂವರನ್ನು ಕರೆಸಬೇಕು, ಒಬ್ಬರು ನಮ್ಮ ಅತ್ತೆ. ಹೇಳಿಬಿಟ್ಟೆ. ಇನ್ನು ಕಂಪ್ಯೂಟರನ್ನು ಮುಚ್ಚಿ ಚೀಟಿ ಪುಸ್ತಕ ತೆಗಿ ಅನ್ನುತ್ತಾರೆ, ಅನ್ನಲಿ, ನ್ಯಾಯವೇ. ಅವರು ಕನ್ನಡಕದ ಮೇಲಿಂದ ನೋಡಿ, ಮೊದಲು ನಿಮ್ಮ ಅತ್ತೆಗೆ ಫೋನ್ ಮಾಡಿ ಅಂದರು, ಆಮೇಲೆ ಉಳಿದದ್ದು. ಪ್ರೆಸ್ಸಿನ ನಂಬರು, ಹಳೆಯ ರಸೀದಿಯಲ್ಲಿತ್ತು, ಮೂರು ಐವತ್ತೆಂಟು, ಫೋರ್‌ಮನ್ ಎತ್ತಿಕೊಂಡ, ಹಿಂದೆ ಯಂತ್ರಗಳ ಸದ್ದು, ಅವರು ದೊಡ್ಡವರ ಮುಂದೆ, ಮಾಲೀಕರ ರೂಮಲ್ಲಿ ನಿಂತಿದಾರೆ ಮೇಡಂ, ಕಾಗದ ಕೊಟ್ಟಾಯ್ತು, ಹತ್ತು ನಿಮಿಷ ಬಿಟ್ಟು ಮಾಡಿ. ಇಲ್ಲ, ಈಗಲೇ ಕರೀರಿ, ಸೊಸೆ ಅಂತ ಹೇಳಿ, ಮನೇಲಿ ಏನೂ ಆಗಿಲ್ಲ ಅಂತಲೂ ಹೇಳಿ, ಆದ್ರೆ ಕರೀರಿ.

ಹೆಜ್ಜೆ, ಬಾಗಿಲು, ಉಸಿರು. ಏನೇ, ಇಲ್ಲಿಗ್ಯಾಕೆ ಫೋನು? ಅತ್ತೆ, ನಿಮ್ಮ ಕನ್ನಡಕ ತಪ್ಪು, ಬಲದ ಗಾಜು ಎಡಕ್ಕೆ ಹೋಗಿದೆ, ನನ್ನಿಂದ ಆದದ್ದು, ನಾನು ಬರೆದದ್ದರಲ್ಲೇ ತಪ್ಪಿದೆ, ನಿಮ್ಮ ಕಣ್ಣಿಗೂ ಏನೂ ಆಗಿಲ್ಲ, ತಲೆಗೂ ಏನೂ ಆಗಿಲ್ಲ, ತಿರುಗಿಸಿ ಹಾಕ್ಕೊಂಡ್ರೆ ಸರಿ ಕಾಣ್ತಿತ್ತಲ್ಲ, ಅದು ನಿಜವಾಗ್ಲೂ ಸರಿಯೇ ಕಾಣ್ತಿತ್ತು. ಆ ಕಡೆ ಯಂತ್ರದ ದಡಬಡ ದಡಬಡ, ಅದರ ನಡುವೆ ಬಹಳ ಸಣ್ಣ ದನಿ, ಹಾಗಾದ್ರೆ ನಾನು — ನನಗೆ ಹಾಗೆ ಕಂಡದ್ದು ನಿಜಾನೇ? ನಿಜ ಅತ್ತೆ. ನನಗೇ ಹೆದರಿಕೆಯಾಗಿಬಿಟ್ಟಿತ್ತು ಕಣೇ, ಹುಚ್ಚು ಹಿಡಿಯೋದು ಹೀಗೇನೋ, ಎಲ್ಲರಿಗೂ ನೆಟ್ಟಗಿರೋದು ನನಗೊಬ್ಬಳಿಗೇ ಬುಡಮೇಲಾದ್ರೆ ಸರಿ ಅನ್ನಿಸ್ತಿದೆಯಲ್ಲ ಅಂತ. ನನಗೆ ಅಳು ಬಂತು, ತಪ್ಪಾಯ್ತು ಅತ್ತೆ ಅಂದೆ, ಇಪ್ಪತ್ತು ವರ್ಷದಲ್ಲಿ ಈ ಮಾತು ಎಷ್ಟೋ ಸಲ ಅಂದಿದ್ದೇನೆ, ಮನಸ್ಸಿಟ್ಟು ಅಂದದ್ದು ಇದೇ ಮೊದಲು. ಈಗ ತಿರುಗಿಸಿ ಹಾಕ್ಕೊಳ್ಳಿ. ಇಲ್ಲೇನಾ? ಎಲ್ಲರೂ ಇದಾರೆ ಇಲ್ಲಿ, ದೊಡ್ಡವರು ಬಾಗಿಲಲ್ಲಿ ಬಂದು ನಿಂತಿದಾರೆ. ಇರಲಿ ಅತ್ತೆ, ಎಲ್ಲರ ಎದುರಿಗೇ ಹಾಕ್ಕೊಳ್ಳಿ, ಯಾವುದಾದ್ರೂ ಕರಡು ತಗೊಂಡು ಓದಿ.

ರಿಸೀವರನ್ನು ಮೇಜಿನ ಮೇಲಿಟ್ಟ ಟಕ್ ಸದ್ದು, ಕಾಗದ ಸರಸರ, ಯಾರೋ ಕಿಸಕ್ಕೆಂದರು, ಇನ್ಯಾರೋ ಶ್ ಅಂದರು, ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದಾರೆ, ಧೂಳಣ್ಣ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಿದ್ದಾರೆ, ನಾನು ಕಿವಿಗೆ ಫೋನು ಒತ್ತಿಕೊಂಡಿದ್ದೇನೆ, ದೂರದಿಂದ ಓದುವ ದನಿ, ಆರು ಹದಿನೆಂಟು, ಏಳು ನಲವತ್ಮೂರು, ಎಂಟು ಐದು, ಎಲ್ಲೂ ತಡವರಿಸುತ್ತಿಲ್ಲ, ದನಿ ಏರುತ್ತಿದೆ, ಒಂಬತ್ತು ಹನ್ನೆರಡು, ಹತ್ತು ಅರವತ್ತೊಂದು — ನಿಂತಿತು, ಯಂತ್ರವನ್ನೂ ಯಾರೋ ನಿಲ್ಲಿಸಿದರು — ಹತ್ತು ಗಂಟೆ ಅರವತ್ತೊಂದು ನಿಮಿಷಕ್ಕೆ ಯಾವ ರೈಲ್ರೀ ಹೊರಡುತ್ತೆ, ಫೋರ್‌ಮನ್, ಕೆಂಪು ಪೆನ್ನು ಕೊಡಿ ಇಲ್ಲಿ — ನನಗೆ ಬೇರೇನೂ ಕಾಣುತ್ತಿಲ್ಲ, ತುಂಬಿದ ಕೋಣೆಯ ನಡುವೆ ಕಂದು ಕನ್ನಡಕ ಬುಡಮೇಲು, ಒಂದು ಬೆರಳು ಮೂಗಿನ ಮೇಲೆ, ಇನ್ನೊಂದು ಕೈ ಪೆನ್ನಿಗೆ ಚಾಚಿದೆ, ಕಡ್ಡಿಗಳೆರಡೂ ಮೇಲಕ್ಕೆ, ಮೇಲಕ್ಕೆ